ಕೊನೆಯ ಮನೆಯ ಪ್ಲೇಯರಿನಲ್ಲೂ ಓಡುವ ಡಿಸ್ಕು

(ಬೆಂಗಳೂರಿನ ಜಯನಗರದಲ್ಲಿ, ಮಲೆನಾಡಿನಿಂದ ಓದಲು ಬಂದಿರುವ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಉಪನ್ಯಾಸಕ್ಕೆ ಡಿವಿಡಿಯ ವಿಷಯವನ್ನು ಆರಿಸಿಕೊಂಡುದನ್ನು ಕಂಡು ಕೆಲವರಿಗೆ ನಗು ಬಂದಿದ್ದರೆ ಆಶ್ಚರ್ಯವಿಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ಬಹುಪಾಲು ಮನೆಗಳಲ್ಲಿ ಡಿವಿಡಿ ಪ್ಲೇಯರು ಅಟ್ಟ ಸೇರಿ ವರ್ಷಗಳಾಗಿವೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲ. ಆದರೆ ಘಟ್ಟದ ಅಂಚಿನ ಎಷ್ಟೋ ಊರುಗಳಲ್ಲಿ ಮೊಬೈಲ್ ಸಿಗ್ನಲ್ ಹಿಡಿಯಲು ಇಂದಿಗೂ ಗುಡ್ಡದ ನೆತ್ತಿಗೆ ಹತ್ತಬೇಕು. ಅಂಥ ಊರಿನ ಮನೆಯ ಟಿ.ವಿ. ಕೆಳಗೆ, ಶಾಲೆಯ ಕಪಾಟಿನಲ್ಲಿ, ಸೊಸೈಟಿಯ ಸಭಾಭವನದಲ್ಲಿ ಹಳೆಯ ಪ್ಲೇಯರೊಂದು ಇನ್ನೂ ಕೆಲಸ ಮಾಡುತ್ತಿರುವುದುಂಟು. ನಗರದಲ್ಲಿ ಕುಳಿತು ಊರಿಗಾಗಿ ಚಿತ್ರ ತಯಾರಿಸುವವರು ಆ ಪ್ಲೇಯರನ್ನು ಮರೆತರೆ, ಚಿತ್ರವು ಹೇಳಬೇಕಾದವರಿಗೆ ಬಿಟ್ಟು ಉಳಿದೆಲ್ಲರಿಗೂ ತಲುಪುತ್ತದೆ.

ಚಿತ್ರವನ್ನು ಹಳ್ಳಿಗೆ ಒಯ್ಯುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಹೆಗ್ಗೋಡಿನಲ್ಲಿ 1973ರಲ್ಲಿ ನೀನಾಸಂ ಚಿತ್ರಸಮಾಜ ಆರಂಭವಾಯಿತು. ಅದಕ್ಕೂ ಎರಡು ವರ್ಷ ಮೊದಲು, 1971ರಲ್ಲಿ, ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿತ್ತು; ಅದರ ಮನೆ ಇದೇ ಬನಶಂಕರಿ ಎರಡನೆಯ ಹಂತದಲ್ಲಿದೆ. ಆಗ ಚಿತ್ರವೆಂದರೆ ರೀಲು, ಪ್ರೊಜೆಕ್ಟರು, ಅದನ್ನು ನಡೆಸಬಲ್ಲವನೊಬ್ಬ. ಡಿಸ್ಕು ಬಂದ ಮೇಲೆ ಪ್ರದರ್ಶಕನ ಅಗತ್ಯವೇ ಇಲ್ಲವಾಯಿತು. ಶೇಖರ್ ದತ್ತಾತ್ರಿಯವರು ಕುದುರೆಮುಖದ ಗಣಿಗಾರಿಕೆ ಕುರಿತು 2001ರಲ್ಲಿ ಮಾಡಿದಂಥ ಕಿರುಚಿತ್ರಗಳನ್ನು ಕಂಡ ಮೇಲೆ, ಕ್ಯಾಮೆರಾ ಹಿಡಿದವನು ಕಾಡಿನ ವಿಷಯವನ್ನು ಎಷ್ಟು ದೂರ ಒಯ್ಯಬಲ್ಲನೆಂಬುದು ಅನೇಕ ಯುವಕರಿಗೆ ಮನವರಿಕೆಯಾಯಿತು. (ಸುಪ್ರೀಂ ಕೋರ್ಟಿನ ಆದೇಶದಂತೆ ಆ ಗಣಿ 2005ರ ಕೊನೆಗೆ ನಿಂತಿತು.) ಅದೇ ವರ್ಷಗಳಲ್ಲಿ ಡಿವಿಡಿ ಬರೆಯುವ ಯಂತ್ರ ಮನೆಯ ಕಂಪ್ಯೂಟರಿಗೆ ಬಂತು. ಬಾಡಿಗೆ ಕೋಣೆಯಲ್ಲಿ ಕುಳಿತು ಡಿಸ್ಕ್ ಮಾಡಿ, ರಾತ್ರಿ ಬಸ್ಸಿನಲ್ಲಿ ಊರಿಗೆ ಒಯ್ಯುವುದು ಸಾಧ್ಯವಾಯಿತು. ಒಯ್ದ ಮೇಲೆ ಅದು ಅಲ್ಲಿ ಓಡದಿದ್ದುದೂ ಉಂಟು.

ವಿಷಯ ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳುವುದು ಒಳ್ಳೆಯದು. ಅಡಕೆಯ ಕೊಳೆರೋಗದ ಬಗ್ಗೆ ಒಂದು ಗಂಟೆಯ ಚಿತ್ರವಿದೆ ಎಂದುಕೊಳ್ಳೋಣ. ರೋಗದ ಗುರುತು, ಶೇಕಡಾ 1ರ ಬೋರ್ಡೋ ದ್ರಾವಣದ ತಯಾರಿ, ಮುಂಗಾರು ಹಿಡಿಯುವ ಮೊದಲಿನ ಸಿಂಪಡಣೆ, 40-45 ದಿನಗಳ ಬಳಿಕ ಎರಡನೆಯದು, ಹಿರಿಯ ಬೆಳೆಗಾರರ ಮಾತು, ಹೀಗೆ ಐದು ಭಾಗಗಳು. ಬೆಳೆಗಾರನು ಇಡೀ ಚಿತ್ರವನ್ನು ಒಮ್ಮೆ ನೋಡುತ್ತಾನೆ. ಆದರೆ ಮೋಡ ಕವಿದ ಬೆಳಗ್ಗೆ, ಮದ್ದು ಕೂಡಿಸುವ ಹೊತ್ತಿನಲ್ಲಿ, ಅವನಿಗೆ ಬೇಕಾಗುವುದು ಎರಡನೆಯ ಭಾಗ ಮಾತ್ರ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿಯಬೇಕೇ ಹೊರತು ಸುಣ್ಣವನ್ನು ಅದಕ್ಕಲ್ಲ, ಹೊಳೆಯುವ ಕತ್ತಿಯನ್ನು ಅದ್ದಿದಾಗ ಕೆಂಪು ಲೇಪ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಈ ಮೂರು ನಿಮಿಷಗಳನ್ನು ರಿಮೋಟಿನ ಎರಡು ಒತ್ತುಗಳಲ್ಲಿ ಹುಡುಕಿಕೊಡುವುದೇ ಮೆನುವಿನ ಕೆಲಸ. ಮೆನುವೆಂಬುದು ಅಲಂಕಾರವಲ್ಲ, ಪುಸ್ತಕದ ಪರಿವಿಡಿ. ಅದು ತಪ್ಪು ಭಾಗಕ್ಕೆ ಕರೆದೊಯ್ದರೆ ಅಥವಾ ಅಲ್ಲೇ ಹೆಪ್ಪುಗಟ್ಟಿ ನಿಂತರೆ ಆ ದಿನದ ಒಣಹವೆ ಕಳೆದುಹೋಗುತ್ತದೆ. ಮಳೆ ಬಿಡುವು ಕೊಡುವ ದಿನಗಳೆಷ್ಟೆಂದು ತೋಟವಿರುವವರಿಗೆ ಗೊತ್ತು.

ಇಂಥ ಡಿಸ್ಕನ್ನು ಕಟ್ಟುವ ತಂತ್ರಾಂಶ ಮಾಡುವುದೇನು? ವಿಡಿಯೋವನ್ನು ಎಂಪೆಗ್-2 ರೂಪಕ್ಕೆ ತರುತ್ತದೆ, ಧ್ವನಿಯನ್ನು ಅದಕ್ಕೆ ಹೆಣೆಯುತ್ತದೆ, ಯಾವ ಬಟನ್ ಒತ್ತಿದರೆ ಎಲ್ಲಿಗೆ ಹೋಗಬೇಕೆಂಬ ನಕ್ಷೆಯನ್ನು ಬರೆಯುತ್ತದೆ. ಎಲ್ಲವೂ ವಿಡಿಯೋ_ಟಿಎಸ್ ಎಂಬ ಕಡತಕೋಶದಲ್ಲಿ ಕೂರುತ್ತವೆ. ಚಿತ್ರವಿರುವ ಕಡತಗಳು ವಿಒಬಿ, ಒಂದೊಂದೂ 1 ಜಿಬಿಯನ್ನು ಮೀರುವುದಿಲ್ಲ. ನಕ್ಷೆ ಇರುವುದು ಐಎಫ್‌ಒ, ಅದರ ಪ್ರತಿ ಬಿಯುಪಿ. ಗೆರೆ ಬಿದ್ದು ನಕ್ಷೆ ಓದಲಾಗದಿದ್ದರೆ ಪ್ರತಿಯನ್ನು ಓದಲಿ ಎಂದೇ ಎರಡನ್ನಿಡುತ್ತಾರೆ. ಅನೇಕರು ಮಾಡುವ ಮೊದಲ ತಪ್ಪು ಇಲ್ಲಿಯೇ: ಕಂಪ್ಯೂಟರಿನಲ್ಲಿದ್ದ ವಿಡಿಯೋ ಕಡತವನ್ನು ಹಾಗೆಯೇ ಡಿಸ್ಕಿಗೆ ಎಳೆದು ಹಾಕುವುದು. ಅದು ಕಡತ ತುಂಬಿದ ಡಿಸ್ಕು, ಡಿವಿಡಿ ಚಿತ್ರವಲ್ಲ. ಹಳೆಯ ಪ್ಲೇಯರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ತಂತ್ರಾಂಶಗಳನ್ನು ಸ್ಥೂಲವಾಗಿ ಮೂರು ಬಗೆಯೆನ್ನಬಹುದು. ಡಿವಿಡಿ ರೈಟರಿನ ಜೊತೆ ಪುಕ್ಕಟೆ ಬರುತ್ತಿದ್ದ ನೀರೋದಂಥವು, ವಿಂಡೋಸ್ ವಿಸ್ಟಾ ಮತ್ತು 7ರಲ್ಲಿದ್ದ ವಿಂಡೋಸ್ ಡಿವಿಡಿ ಮೇಕರ್ ಮೊದಲ ಬಗೆಯವು. ಸಿದ್ಧ ಮಾದರಿಯ ಮೆನುಗಳಲ್ಲಿ ಹೆಸರು ತುಂಬಿದರೆ ಆಯಿತು. ಮದುವೆಯ ವಿಡಿಯೋಗೆ ಇವು ಧಾರಾಳ ಸಾಕು, ಆದರೆ ಬಟನ್ನಿನ ದಾರಿಯನ್ನು ಬೇಕಾದಂತೆ ತಿರುಗಿಸಲು ಹೆಚ್ಚು ಅವಕಾಶವಿಲ್ಲ. ಎರಡನೆಯವು ವೃತ್ತಿಪರರ ಅಡೋಬಿ ಎನ್‌ಕೋರ್, ಆಪಲ್‌ನ ಡಿವಿಡಿ ಸ್ಟುಡಿಯೋ ಪ್ರೊ. ಇವುಗಳಲ್ಲಿ ಆಗದುದೇ ಇರಲಿಲ್ಲ. ಮೂರನೆಯವು ಮುಕ್ತ ತಂತ್ರಾಂಶಗಳು: ಡಿವಿಡಿಸ್ಟೈಲರ್, ಡಿವೀಡೀ, ಇವುಗಳಂಥವುಗಳ ಬೆನ್ನೆಲುಬಾದ ಡಿವಿಡಿಆಥರ್.

ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವಾಗ ಸಾಮಾನ್ಯವಾಗಿ ಮೆನುವಿನ ಚೆಲುವನ್ನು ನೋಡುತ್ತಾರೆ. ನೋಡಬೇಕಾದುದು ಬೇರೆ ಎರಡು ಸಂಗತಿಗಳನ್ನು. ತಯಾರಾದ ಡಿಸ್ಕು ಎಲ್ಲಕ್ಕಿಂತ ಬಡ ಪ್ಲೇಯರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ, ಮತ್ತು ಐದು ವರ್ಷಗಳ ಬಳಿಕ ಆ ಕೆಲಸವನ್ನು ಮತ್ತೆ ತೆರೆದು ತಿದ್ದಲು ಆಗುತ್ತದೆಯೇ. ಎರಡನೆಯದರಲ್ಲಿ ದೊಡ್ಡ ಹೆಸರುಗಳೇ ಕೈಕೊಟ್ಟಿವೆ. ಡಿವಿಡಿ ಸ್ಟುಡಿಯೋ ಪ್ರೊವನ್ನು ಆಪಲ್ 2011ರಲ್ಲಿ ಕೈಬಿಟ್ಟಿತು. ಎನ್‌ಕೋರ್ 2012ರ ಸಿಎಸ್6ರೊಂದಿಗೆ ಕೊನೆಗೊಂಡಿತು. ಅದೇ ವರ್ಷ ಬಂದ ವಿಂಡೋಸ್ 8ರಲ್ಲಿ ಡಿವಿಡಿ ಮೇಕರ್ ಇರಲಿಲ್ಲ. ಸಿಂಪಡಣೆಯ ಶಿಫಾರಸು ಬದಲಾಗಿ ಒಂದು ಭಾಗವನ್ನು ಮಾತ್ರ ತಿದ್ದಬೇಕಾದರೆ, ಹಳೆಯ ಪ್ರಾಜೆಕ್ಟ್ ಕಡತ ತೆರೆಯುವ ಬಾಗಿಲೇ ಇಲ್ಲ. ಡಿವಿಡಿಆಥರ್ ಕೇಳುವ ನಕ್ಷೆಯಾದರೋ ಬರಿಯ ಅಕ್ಷರಗಳಲ್ಲಿ ಬರೆದ ಎಕ್ಸ್‌ಎಂಎಲ್ ಕಡತ. ಯಾವ ಕಂಪ್ಯೂಟರಿನಲ್ಲಾದರೂ ತೆರೆದು, ಕಣ್ಣಿನಿಂದ ಓದಿ, ಯಾವ ಬಟನ್ ಎಲ್ಲಿಗೆ ಹೋಗುತ್ತದೆಂದು ತಿಳಿಯಬಹುದು. ಡಿವಿಡಿಸ್ಟೈಲರ್ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಕಾಸು ಬೇಡುವುದಿಲ್ಲ, ಮೆನುವನ್ನು ಸ್ವಂತವಾಗಿ ರಚಿಸಲು ಬಿಡುತ್ತದೆ. ಅದರ ಮುಖ ಒರಟು, ನಿಜ. ವಿದ್ಯಾರ್ಥಿಯೊಬ್ಬ ಇಂದು ಆರಂಭಿಸುವುದಾದರೆ ಅದನ್ನೇ ಹಿಡಿಯುವುದು ವಿವೇಕ.

ಇನ್ನು ಕನ್ನಡದ ಅಕ್ಷರಗಳ ಮಾತು. ಇದರಲ್ಲಿ ಒಂದು ಭಾಗ್ಯ, ಒಂದು ಸಂಕಟ ಎರಡೂ ಇವೆ. ಡಿವಿಡಿಯ ಮೆನು ಮತ್ತು ಅಡಿಬರಹ ಎರಡೂ ಪ್ಲೇಯರಿನ ಮಟ್ಟಿಗೆ ಬರಿಯ ಚಿತ್ರಗಳು, ಅಕ್ಷರಗಳಲ್ಲ. ಆದುದರಿಂದ ಕನ್ನಡದ ಗಂಧವೇ ಇಲ್ಲದ ಅಗ್ಗದ ಪ್ಲೇಯರೂ ‘ಮೈಲುತುತ್ತ’ವನ್ನು ಒತ್ತಕ್ಷರ ಸಹಿತ ತೋರಿಸುತ್ತದೆ. ಪೆನ್‌ಡ್ರೈವಿನಲ್ಲಿ ವಿಡಿಯೋ ಜೊತೆಗೆ ಪಠ್ಯರೂಪದ ಅಡಿಬರಹ ಹಾಕಿಕೊಟ್ಟಾಗ ಅನೇಕ ಟಿ.ವಿ.ಗಳಲ್ಲಿ ಚೌಕದ ಸಾಲುಗಳು ಮಾತ್ರ ಕಾಣುವುದನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಸಂಕಟವಿರುವುದು ಡಿಸ್ಕ್ ಕಟ್ಟುವ ತಂತ್ರಾಂಶದಲ್ಲಿ. ಹಳೆಯ ಹಲವು ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡ ಬೆರಳಚ್ಚಿಸಿದರೆ ಒತ್ತು ಒಂದೆಡೆ, ಕೊಂಬು ಇನ್ನೊಂದೆಡೆ ಬೀಳುತ್ತಿತ್ತು. ಆದುದರಿಂದ ಸ್ಟುಡಿಯೋದವರು ನುಡಿ, ಬರಹದ ಹಳೆಯ ಫಾಂಟುಗಳನ್ನು ಬಳಸಿದರು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವುಗಳಾದ್ದರಿಂದ ಪರದೆಯ ಮೇಲೆ ಸರಿಯಾಗಿಯೇ ಮೂಡಿದವು. ಆದರೆ ಆ ಪ್ರಾಜೆಕ್ಟನ್ನು ಫಾಂಟಿಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಎದುರಾಗುತ್ತದೆ.

ದಾರಿ ಸುಲಭ. ಡಿಸ್ಕ್ ಕಟ್ಟುವ ತಂತ್ರಾಂಶದಲ್ಲಿ ಕನ್ನಡವನ್ನು ಬೆರಳಚ್ಚಿಸಲೇಬಾರದು. ಗಿಂಪ್ ಅಥವಾ ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಫಾಂಟಿನಿಂದ ಮೆನುವಿನ ಇಡೀ ಹಾಳೆಯನ್ನು ಬರೆದು, ಚಿತ್ರವಾಗಿ ಉಳಿಸಿ, ಹಿನ್ನೆಲೆಯಾಗಿ ತಂದು, ಅದರ ಮೇಲೆ ಖಾಲಿ ಬಟನ್ನುಗಳನ್ನು ಇಡಬೇಕು. ಅಳತೆಯಲ್ಲಿ ಮಾತ್ರ ಎಚ್ಚರ. ಭಾರತದ ಪಾಲ್ ಪದ್ಧತಿಯಲ್ಲಿ ಡಿವಿಡಿಯ ಚಿತ್ರ 720ಕ್ಕೆ 576 ಚುಕ್ಕೆ, ಆದರೆ ಹಳೆಯ ಟಿ.ವಿ. ಅದನ್ನು ಕೊಂಚ ಅಗಲಿಸಿ ತೋರಿಸುತ್ತದೆ. 768ಕ್ಕೆ 576ರಲ್ಲಿ ಬರೆದು ಆಮೇಲೆ 720ಕ್ಕೆ ಕುಗ್ಗಿಸಿದರೆ ಅಕ್ಷರ ದುಂಡಗೆ ಉಳಿಯುತ್ತದೆ. ನೇರವಾಗಿ 720ರಲ್ಲಿ ಬರೆದರೆ ಎಲ್ಲವೂ ಸ್ವಲ್ಪ ದಪ್ಪಗಾಗುತ್ತವೆ.

ಡಬ್ಬಿಯಂಥ ಹಳೆಯ ಟಿ.ವಿ.ಗಳು ಚಿತ್ರದ ಅಂಚನ್ನು ನುಂಗುತ್ತವೆ. ಆದುದರಿಂದ ಬರಹವೆಲ್ಲ ನಡುವಿನ ಶೇಕಡಾ 80ರೊಳಗೆ ಇರಬೇಕು. ಒಂದೇ ಚುಕ್ಕೆ ದಪ್ಪದ ಅಡ್ಡಗೆರೆ ಅವುಗಳಲ್ಲಿ ಸದಾ ಮಿಣುಕುತ್ತದೆ. ಕನ್ನಡದ ತೆಳು ತಲೆಕಟ್ಟಿಗೂ ಅದೇ ಗತಿ. ಫಾಂಟು ದಪ್ಪಗಿರಲಿ, ಒಂದು ಪುಟದಲ್ಲಿ ಐದಾರು ಸಾಲು ಸಾಕು. ಡಿವಿಡಿಯ ನಿಯಮ ಒಂದು ಮೆನುವಿಗೆ 36 ಬಟನ್ನುಗಳವರೆಗೆ ಅನುಮತಿ ಕೊಡುತ್ತದೆಂಬುದು ಅಷ್ಟನ್ನೂ ಇಡಲು ಕಾರಣವಲ್ಲ. ಇನ್ನೊಂದು ಸೂಕ್ಷ್ಮವಿದೆ. ಆಯ್ದ ಬಟನ್ ಬಣ್ಣ ಬದಲಿಸಿ ತೋರುವ ಪದರಕ್ಕೆ ಇರುವುದು ನಾಲ್ಕೇ ಬಣ್ಣ, ಅದರಲ್ಲೂ ಒಂದು ಪಾರದರ್ಶಕತೆಗೆ ಹೋಗುತ್ತದೆ. ಆ ಪದರದಲ್ಲಿ ದುಂಡಗಿನ ಕನ್ನಡ ಅಕ್ಷರಗಳನ್ನೇ ಬಣ್ಣಿಸಿದರೆ ಅಂಚು ಗರಗಸದಂತೆ ಕಾಣುತ್ತದೆ. ಅಕ್ಷರವನ್ನು ಮುಟ್ಟದೆ ಅದರ ಎಡಕ್ಕೊಂದು ದಪ್ಪ ಚುಕ್ಕೆಯನ್ನೋ ಕೆಳಗೊಂದು ದಪ್ಪ ಗೆರೆಯನ್ನೋ ಬೆಳಗಿಸಿದರೆ ಕನ್ನಡಕ ಮರೆತ ಅಜ್ಜಿಗೂ ಎಲ್ಲಿದ್ದೇವೆಂದು ತಿಳಿಯುತ್ತದೆ.

ಹಿನ್ನೆಲೆಯಲ್ಲಿ ಜಲಪಾತ ಹರಿಯುವ, ಸಂಗೀತ ಮೊಳಗುವ ಚಲಿಸುವ ಮೆನುಗಳ ಮೋಹವನ್ನು ಬಿಡುವುದೇ ಮೇಲು. ಪ್ರತಿ ಸುತ್ತು ಮುಗಿದಾಗ ಲೇಸರ್ ಮತ್ತೆ ಮೊದಲಿಗೆ ಓಡಬೇಕು. ಹಳೆಯ ಪ್ಲೇಯರು ಅಲ್ಲಿ ತಡವರಿಸುತ್ತದೆ, ಆ ಕ್ಷಣದಲ್ಲಿ ಒತ್ತಿದ ಬಟನ್ ಅದಕ್ಕೆ ಕೇಳಿಸುವುದಿಲ್ಲ. ನಿಂತ ಚಿತ್ರದ ಮೆನುವಿಗೆ ಈ ರೋಗವಿಲ್ಲ. ಅರ್ಧ ನಿಮಿಷ ಯಾರೂ ಏನೂ ಒತ್ತದಿದ್ದರೆ ಚಿತ್ರ ತಾನಾಗಿ ಆರಂಭವಾಗುವಂತೆ ಮಾಡಿಟ್ಟರೆ, ರಿಮೋಟ್ ಕಳೆದುಹೋದ ಮನೆಯಲ್ಲೂ ಅದು ಕಾಣುತ್ತದೆ. ರಿಮೋಟ್ ಕಳೆಯದ ಮನೆ ಅಪರೂಪ. ಕರೆಂಟಿನ ಮಾತನ್ನೂ ಮರೆಯಬಾರದು. ಮಳೆಗಾಲದಲ್ಲಿ ಚಿತ್ರದ ನಡುವೆ ಕರೆಂಟು ಹೋದರೆ ಅನೇಕ ಪ್ಲೇಯರುಗಳು ಮತ್ತೆ ಮೊದಲಿನಿಂದ ಆರಂಭಿಸುತ್ತವೆ. ಒಂದು ಚಿತ್ರಕ್ಕೆ 99 ಅಧ್ಯಾಯಗಳವರೆಗೆ ಅವಕಾಶವಿರುವಾಗ, ಪ್ರತಿ ನಾಲ್ಕೈದು ನಿಮಿಷಕ್ಕೊಂದು ಗುರುತು ಹಾಕಲು ಜಿಪುಣತನವೇಕೆ?

ಭಾಷೆಗಳ ವಿಷಯದಲ್ಲಿ ಘಟ್ಟದವರಿಗೆ ವಿಶೇಷವಾದೊಂದು ತೊಡಕಿದೆ. ಒಂದು ಡಿಸ್ಕಿನಲ್ಲಿ ಎಂಟು ಧ್ವನಿಪಥಗಳಿರಬಹುದು. ಕೊಳೆರೋಗದ ಚಿತ್ರಕ್ಕೆ ಕನ್ನಡ, ತುಳು, ಕೊಂಕಣಿ, ಇಂಗ್ಲಿಷ್ ಎಂದು ನಾಲ್ಕನ್ನು ಹಾಕಿದರೆ ಕಾಸರಗೋಡಿನಿಂದ ಕುಮಟೆಯವರೆಗೆ ಒಂದೇ ಡಿಸ್ಕು ಸಲ್ಲುತ್ತದೆ. ಆದರೆ ಡಿವಿಡಿ ಭಾಷೆಯನ್ನು ಗುರುತಿಸುವುದು ಎರಡಕ್ಷರದ ಸಂಕೇತದಿಂದ. ಕನ್ನಡಕ್ಕೆ ‘ಕೆಎನ್’ ಇದೆ. ತುಳು, ಕೊಂಕಣಿ, ಕೊಡವ ಭಾಷೆಗಳಿಗೆ ಎರಡಕ್ಷರದ ಸಂಕೇತವೇ ಇಲ್ಲ. ಮೂರಕ್ಷರದವು ಆಮೇಲಿನ ಪಟ್ಟಿಯಲ್ಲಿ ಬಂದವು, ಡಿವಿಡಿಗೆ ಅವು ತಿಳಿಯವು. ಇತ್ತ ಪ್ಲೇಯರುಗಳು ಕಾರ್ಖಾನೆಯಿಂದ ಬರುವಾಗಲೇ ಸಾಮಾನ್ಯವಾಗಿ ಇಂಗ್ಲಿಷಿಗೆ ಹೊಂದಿಸಿರುತ್ತವೆ. ಅಂಥ ಪ್ಲೇಯರು ಇಂಗ್ಲಿಷ್ ಎಂಬ ಗುರುತಿನ ಪಥ ಕಂಡೊಡನೆ ಅದನ್ನೇ ಎತ್ತಿಕೊಳ್ಳುತ್ತದೆ, ಕನ್ನಡ ಮೊದಲಿದ್ದರೂ ಸಹ. ಆದುದರಿಂದ ಭಾಷೆಯ ಆಯ್ಕೆಯನ್ನು ಪ್ಲೇಯರಿನ ಇಷ್ಟಕ್ಕೆ ಬಿಡದೆ, ಡಿಸ್ಕ್ ಹಾಕಿದ ಕೂಡಲೇ ಭಾಷೆ ಕೇಳುವ ಪುಟ ಬರುವಂತೆ, ಅಲ್ಲಿನ ಬಟನ್ನೇ ಧ್ವನಿಪಥವನ್ನು ನಿಗದಿಗೊಳಿಸುವಂತೆ ಬರೆಯಬೇಕು. ಸಿದ್ಧ ಮಾದರಿಯ ತಂತ್ರಾಂಶಗಳಲ್ಲಿ ಇದಕ್ಕೆ ಅವಕಾಶ ಕಡಿಮೆ. ಡಿವಿಡಿಸ್ಟೈಲರಿನಲ್ಲಿ ಸಾಧ್ಯ.

ಮೆನು ಎಷ್ಟೇ ಸರಿಯಿದ್ದರೂ ಡಿಸ್ಕೇ ಓದಿಸಿಕೊಳ್ಳದಿದ್ದರೆ ಫಲವಿಲ್ಲ. ಸಾಮಾನ್ಯ ಡಿಸ್ಕಿನ ಹಿಡಿತ 4.7 ಜಿಬಿ. ನಿಯಮದಂತೆ ವಿಡಿಯೋ ಸೆಕೆಂಡಿಗೆ 9.8 ಮೆಗಾಬಿಟ್‌ವರೆಗೆ ಏರಬಹುದು. ಒಂದು ಗಂಟೆಯ ಚಿತ್ರಕ್ಕೆ ಅಷ್ಟನ್ನೂ ತುಂಬಬಹುದೆಂದು ಆಸೆಯಾಗುತ್ತದೆ. ಮನೆಯಲ್ಲಿ ಬರೆದ ಡಿಸ್ಕನ್ನು ಅಷ್ಟು ವೇಗದಲ್ಲಿ ಓದಲು ಸವೆದ ಲೇಸರಿಗೆ ಆಗದು. ಸರಾಸರಿ 5-6, ಗರಿಷ್ಠ 7ರಲ್ಲಿ ನಿಲ್ಲಿಸಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯದು, ಪ್ಲೇಯರಿಗೆ ತಿಳಿಯುತ್ತದೆ. ಧ್ವನಿಗೆ ಎಸಿ-3 ಸಾಕು. ಮಿನಿಡಿವಿ ಟೇಪಿನ ಹಳೆಯ ಚಿತ್ರಣವಿದ್ದರೆ ಇನ್ನೊಂದನ್ನು ಗಮನಿಸಬೇಕು: ಆ ಟೇಪಿನಲ್ಲಿ ಪ್ರತಿ ಚಿತ್ರದ ಕೆಳಗಿನ ಸಾಲುಗಳ ಅರ್ಧ ಮೊದಲು ಬರುತ್ತದೆ. ತಂತ್ರಾಂಶ ಅದನ್ನು ತಿರುಗು ಮುರುಗಾಗಿ ಭಾವಿಸಿದರೆ, ನಿಂತ ದೃಶ್ಯ ಚೆನ್ನಾಗಿದ್ದು, ಯಕ್ಷಗಾನದ ವೇಷ ಗಿರಕಿ ಹೊಡೆಯುವಾಗ ಮಾತ್ರ ನಡುಗುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಈ ದೋಷ ಬಹುಮಟ್ಟಿಗೆ ಮರೆಯಾಗಿಯೇ ಇರುತ್ತದೆ.

ಖಾಲಿ ಡಿಸ್ಕಿನಲ್ಲೂ ಜಾತಿಗಳಿವೆ. ಮತ್ತೆ ಮತ್ತೆ ಬರೆಯಬಲ್ಲ ಆರ್‌ಡಬ್ಲ್ಯು ಡಿಸ್ಕು ಬೆಳಕನ್ನು ಶೇಕಡಾ 18ರಿಂದ 30ರಷ್ಟು ಮಾತ್ರ ಮರಳಿಸುತ್ತದೆ. ಒಮ್ಮೆ ಬರೆಯುವ ಒಂದೇ ಪದರದ ಡಿಸ್ಕು ಶೇಕಡಾ 45ಕ್ಕಿಂತ ಹೆಚ್ಚು. ಊರಿಗೆ ಹೋಗುವುದು ಒಮ್ಮೆ ಬರೆಯುವ ಡಿವಿಡಿ-ಆರ್ ಆಗಿರಲಿ. ಡಿವಿಡಿ+ಆರ್ 2002ರಲ್ಲಿ ಬಂದದ್ದು. ಅದಕ್ಕೂ ಹಿಂದಿನ ಪ್ಲೇಯರುಗಳಲ್ಲಿ ಕೆಲವಕ್ಕೆ ಅದರ ಪರಿಚಯವಿಲ್ಲ. ಬರೆಯುವ ವೇಗ 4 ಅಥವಾ 8 ಪಟ್ಟಿಗೆ ಮೀರದಿರಲಿ. ಬರೆದು ಮುಗಿದ ಮೇಲೆ ಫೈನಲೈಸ್ ಮಾಡದ ಡಿಸ್ಕು ಬರೆದ ಯಂತ್ರದಲ್ಲಿ ಓಡಿ, ಉಳಿದೆಡೆ ಓಡದೇ ಇರಬಹುದು. ಅಂದದ ಕಾಗದದ ಚೀಟಿಯನ್ನು ಅಂಟಿಸಬಾರದು. ತೇವಕ್ಕೆ ಅದು ಒಂದು ಬದಿ ಏಳುತ್ತದೆ, ಸುತ್ತುವಾಗ ಡಿಸ್ಕು ಓಲಾಡುತ್ತದೆ, ಕೆಲವೊಮ್ಮೆ ಪ್ಲೇಯರಿನೊಳಗೇ ಕಳಚಿ ಬೀಳುತ್ತದೆ.

ಪರೀಕ್ಷೆಯ ಬಗ್ಗೆ ಒಂದು ಮಾತು. ವಿಎಲ್‌ಸಿಯಲ್ಲಿ ಓಡಿತೆಂಬುದು ಸಾಕ್ಷಿಯಲ್ಲ. ಅದು ಮುರುಕು ಕಡತವನ್ನೂ ಹೇಗೋ ಓಡಿಸುವ ಧರ್ಮಾತ್ಮ. ಇದೇ ಬಡಾವಣೆಗಳ ಅಟ್ಟಗಳಲ್ಲಿ ಧೂಳು ತಿನ್ನುತ್ತಿರುವ ಪ್ಲೇಯರುಗಳಲ್ಲಿ ಮೂರು ಬೇರೆ ಬೇರೆ ತಯಾರಿಕೆಯವನ್ನು ಕೇಳಿ ತಂದು, ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದರ ಮುಂದೆ ಕುಳಿತು, ಪ್ರತಿ ಬಟನ್ನನ್ನೂ ಒತ್ತಿ, ಬಾಣದ ಗುಂಡಿಗಳು ಕಣ್ಣು ಹೋಗುವ ದಿಕ್ಕಿಗೇ ಹೋಗುತ್ತವೆಯೇ ಎಂದು ನೋಡಬೇಕು. ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಪರೀಕ್ಷಿಸಿದವರಿಗೆ ಬಾಣದ ದಾರಿ ತಪ್ಪಿರುವುದು ಗೊತ್ತೇ ಆಗುವುದಿಲ್ಲ. ಅಮೆರಿಕದಲ್ಲಿರುವ ಮಗನಿಗೂ ಒಂದು ಪ್ರತಿ ಕಳಿಸಬೇಕೆಂದು ಮನೆಯವರು ಕೇಳಿದರೆ, ಅಲ್ಲಿಯ ಎಷ್ಟೋ ಪ್ಲೇಯರುಗಳು ಪಾಲ್ ಡಿಸ್ಕನ್ನು ಒಪ್ಪುವುದಿಲ್ಲವೆಂಬುದನ್ನು ಮೊದಲೇ ಹೇಳಿ, ಕಂಪ್ಯೂಟರಿನಲ್ಲಿ ನೋಡಲು ತಿಳಿಸುವುದು ಸರಿ.

ಡಿಸ್ಕು ಹಂಚಲು ಒಳ್ಳೆಯ ಸಾಧನ, ಕಾಪಿಡಲು ಅಲ್ಲ. 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್‌ನ ಸೆಖೆಯಲ್ಲಿ ಸಿ.ಡಿ.ಯೊಂದನ್ನು ಶಿಲೀಂಧ್ರ ತಿಂದುಹಾಕಿದ್ದನ್ನು ಸ್ಪೇನಿನ ವಿಜ್ಞಾನಿಗಳು ವರದಿ ಮಾಡಿದರು. ಜಿಯೋಟ್ರೈಕಮ್ ಗುಂಪಿನ ಆ ಶಿಲೀಂಧ್ರ ಅಂಚಿನಿಂದ ಒಳಹೊಕ್ಕು ಅಲ್ಯೂಮಿನಿಯಂ ಪದರವನ್ನು ತಿಂದಿತ್ತು. ಡಿವಿಡಿಯ ಪದರ ಎರಡು ಪ್ಲಾಸ್ಟಿಕ್ ಹಲಗೆಗಳ ನಡುವೆ ಇರುವುದರಿಂದ ಕೊಂಚ ಭದ್ರ. ಆದರೂ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವ ಮನೆಗಳಲ್ಲಿ, ಬಣ್ಣದ ಪದರದಲ್ಲಿ ಬರೆದ ಡಿಸ್ಕಿನ ಆಯುಷ್ಯದ ಮೇಲೆ ಭರವಸೆ ಇಡಲಾಗದು. ಖಾಲಿ ಡಿಸ್ಕುಗಳನ್ನು ತಯಾರಿಸುತ್ತಿದ್ದ ಭಾರತದ ದೊಡ್ಡ ಕಂಪೆನಿ ಮೋಸರ್ ಬೇರ್ 2018ರಲ್ಲಿ ಮುಚ್ಚುವ ಹಾದಿ ಹಿಡಿಯಿತು. ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರಲ್ಲಿ ನಿಲ್ಲಿಸಿತು. ಓದುವ ಯಂತ್ರಗಳೂ ಕಡಿಮೆಯಾಗುತ್ತಿವೆ.

2000ದ ದಶಕದಲ್ಲಿ ಬರೆದ ಡಿಸ್ಕುಗಳು ಈಗ ಹದಿನೈದು ವರ್ಷಕ್ಕೂ ಹೆಚ್ಚು ಹಳೆಯವು. ಅವುಗಳಲ್ಲಿ ಗ್ರಾಮಸಭೆಯ ಮಾತುಗಳಿವೆ, ಮರಣಿಸಿದ ಹಿರಿಯರು ಬತ್ತದ ತಳಿಗಳ ಹೆಸರು ಹೇಳುವ ದೃಶ್ಯಗಳಿವೆ, ಮೇಳದ ಆಟಗಳಿವೆ. ಈ ರಜೆಯಲ್ಲಿ ಊರಿಗೆ ಹೋಗುವವರು ಇಲ್ಲಿಂದ ಒಂದು ಯುಎಸ್‌ಬಿ ಡಿವಿಡಿ ಡ್ರೈವನ್ನು ಒಯ್ದರೆ ಬಹಳ ಕೆಲಸವಾದೀತು. ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿಕ್ಕಬಾರದು. ಮೊದಲು ಇಡೀ ಡಿಸ್ಕಿನ ಐಎಸ್‌ಒ ಪ್ರತಿ ತೆಗೆಯಬೇಕು. ಹಾಗೆ ಮಾಡಿದರೆ ಮೆನುವೂ ಉಳಿಯುತ್ತದೆ, ಯಾವ ಭಾಗಕ್ಕೆ ಯಾವ ಹೆಸರಿಟ್ಟಿದ್ದರೆಂಬುದೂ ಉಳಿಯುತ್ತದೆ. ಗೆರೆ ಬಿದ್ದು ನಡುವೆ ನಿಂತರೆ ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶ ಓದಲಾಗುವುದನ್ನೆಲ್ಲ ಮೊದಲು ತೆಗೆದುಕೊಂಡು, ಉಳಿದ ಚೂರುಗಳಿಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದು ಡ್ರೈವಿನಲ್ಲಿ ಬಾರದ್ದು ಇನ್ನೊಂದರಲ್ಲಿ ಬರುವುದುಂಟು. ಪ್ರತಿಯೊಂದನ್ನು ಊರಲ್ಲಿಯೂ ಇನ್ನೊಂದನ್ನು ಬೆಂಗಳೂರಿನಲ್ಲಿಯೂ ಇಡಬೇಕು. ಚಿತ್ರದಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವುದು ಡಿಸ್ಕ್ ತೆಗೆದ ಆ ದಿನವೇ ಆಗಬೇಕು.